ಬಸರೀಕಟ್ಟಿಗೆ ಮಂತ್ರಿಗಳು ಬಂದದ್ದು

ಫ್ಲೆಕ್ಸಿನಲ್ಲಿ ತನ್ನ ಮುಖ ಬರಬೇಕೆಂಬುದು ಹುಸೇನಸಾಬನ ಬಹಳ ದಿನದ ಆಸೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಶಿಗ್ಗಾಂವದಿಂದ ಸವಣೂರಿಗೆ ಹೋಗುವ ದಾರಿಯಲ್ಲಿ ಬಸರೀಕಟ್ಟಿ ಎಂಬ ಊರು. ಊರಿನ ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಎರಡು ಕಬ್ಬಿಣದ ಕಂಬ. ಊರಿನ ಸಮಸ್ತ ಫ್ಲೆಕ್ಸುಗಳನ್ನೂ ಕಟ್ಟುವುದು ಆ ಎರಡು ಕಂಬಗಳಿಗೇ. ಆ ಕಂಬಗಳ ಬುಡದಲ್ಲಿಯೇ ಹುಸೇನಸಾಬನ ಎಲೆ ಅಂಗಡಿ. ಸವಣೂರಿನಿಂದ ಮುಂಜಾನೆಯ ಬಸ್ಸಿಗೆ ಬರುವ ವೀಳ್ಯದೆಲೆಯ ಬುಟ್ಟಿ ಬಿಚ್ಚಿ, ನೀರು ಚಿಮುಕಿಸಿ, ಎಣಿಸಿ ಕಟ್ಟು ಕಟ್ಟುತ್ತ ಅವನು ಹದಿನೆಂಟು ವರ್ಷ ಕಳೆದಿದ್ದ. ಈ ಹದಿನೆಂಟು ವರ್ಷದಲ್ಲಿ ತಲೆ ಎತ್ತಿದಾಗಲೆಲ್ಲ ಅವನಿಗೆ ಕಂಡದ್ದು ಬೇರೆಯವರ ಮುಖ.

ಯಾರ್ಯಾರ ಮುಖವೆಂದು ಹೇಳುವುದು. ಸೊಸೈಟಿಗೆ ಆರಿಸಿ ಬಂದವರು, ಆರಿಸಿ ಬರದಿದ್ದರೂ ಮತದಾರರಿಗೆ ಧನ್ಯವಾದ ಹೇಳಿದವರು, ಹುಟ್ಟುಹಬ್ಬದವರು, ಅವರ ಹುಟ್ಟುಹಬ್ಬಕ್ಕೆ ಶುಭ ಕೋರಿದ ಗೆಳೆಯರ ಬಳಗದವರು. ಹೋದ ದೀಪಾವಳಿಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಯಾರ ಕೈಗೂ ಸಿಗದೆ ಓಡಿದ ಒಂದು ಹೋರಿಗೂ ಹತ್ತು ಅಡಿಯ ಫ್ಲೆಕ್ಸು ಬಂತು. ಹೋರಿ ಕೊರಳಿನ ತುಂಬ ಕೊಬ್ಬರಿಯ ಹಾರ ಹಾಕಿಕೊಂಡು ಮೂರು ತಿಂಗಳು ಹುಸೇನಸಾಬನ ನೆತ್ತಿಯ ಮೇಲೆ ನಿಂತಿತ್ತು. ಅವತ್ತೇ ಅವನು ತನ್ನ ಜೀವನದ ಬಗ್ಗೆ ಗಂಭೀರವಾಗಿ ವಿಚಾರ ಮಾಡಿದ್ದು.

ಅವಕಾಶವನ್ನು ತಂದುಕೊಟ್ಟವಳು ಮಗಳು ಮಾಹೀರಾ. ಅವಳು ಊರಿನ ಸರಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಊರ ಗೌಡರ ಮಕ್ಕಳು, ಸಾಬರ ಓಣಿಯ ಮಕ್ಕಳು, ತಾಂಡಾದ ಮಕ್ಕಳು, ಸುತ್ತಲಿನ ನಾಲ್ಕು ಹಳ್ಳಿಯಿಂದ ಸೈಕಲ್ ತುಳಿದು ಬರುವ ಮಕ್ಕಳು ಎಲ್ಲ ಸೇರಿ ಮುನ್ನೂರರ ಮೇಲೆ ಹತ್ತು. ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಶಾಲಾ ಸಂಸತ್ತಿಗೆ ಚುನಾವಣೆ ನಡೆಯುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಯಾವುದೂ ಬಿಡುವಂತಿಲ್ಲ. ಗೆದ್ದವರು ಮಂತ್ರಿಗಳು. ಆಹಾರ ಮಂತ್ರಿ ಬಿಸಿಯೂಟದ ಸಾರಿಗೆ ಉಪ್ಪು ಹೆಚ್ಚಾಗಿದೆಯೇ ನೋಡಬೇಕು, ಕ್ರೀಡಾ ಮಂತ್ರಿ ವಾಲಿಬಾಲಿಗೆ ಗಾಳಿ ಹೊಡೆಸಬೇಕು, ಸಾಂಸ್ಕೃತಿಕ ಮಂತ್ರಿ ಮೈಕು ಸರಿಯಾಗಿದೆಯೇ ಎಂದು ‘ಹಲೋ ಹಲೋ’ ಅನ್ನಬೇಕು. ಈ ಸಲ ಮಾಹೀರಾ ಆರೋಗ್ಯ ಮಂತ್ರಿಯಾಗಿ ಇನ್ನೂರಾ ಆರು ಮತಗಳಿಂದ ಆರಿಸಿ ಬಂದಳು. ಅವಳ ಜೀವದ ಗೆಳತಿ ಶ್ವೇತಾ, ಗೊಬ್ಬರದಂಗಡಿಯ ಪರಮೇಶಪ್ಪನ ಮಗಳು, ಮುಖ್ಯಮಂತ್ರಿ ಸ್ಥಾನಕ್ಕೆ ನಿಂತು ಸೋತು ವಿರೋಧ ಪಕ್ಷದ ನಾಯಕಿಯಾದಳು.

ಮಾಹೀರಾ ಇಟ್ಟ ಭರವಸೆ ಒಂದೇ, ಹುಡುಗಿಯರ ಶೌಚಾಲಯಕ್ಕೆ ನೀರು. ಶೌಚಾಲಯವೇನೋ ಇತ್ತು. ಹಳದಿ ಬಣ್ಣ, ಎರಡು ಬಾಗಿಲು, ಗೋಡೆಯ ಮೇಲೆ ಸ್ವಚ್ಛತೆಯ ಮಹತ್ವವನ್ನು ಸಾರುವ ಆರು ಸಾಲು, ಬಾಗಿಲಿಗೆ ಕೀಲಿ. ಬೀದಿಯ ನಳದ ಲೈನಿಗೂ ಅದಕ್ಕೂ ನಡುವೆ ನಲವತ್ತು ಅಡಿ ಪೈಪು ಇರಲಿಲ್ಲ. ಪೈಪು ಹಾಕಬೇಕಾದದ್ದು ಶಿಕ್ಷಣ ಇಲಾಖೆ ಎಂದು ಪಂಚಾಯತಿಯೂ, ಪಂಚಾಯತಿ ಎಂದು ಇಲಾಖೆಯೂ ಮೂರು ವರ್ಷದಿಂದ ಬಹಳ ಗೌರವದಿಂದ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು. ಹೆಡ್‌ಮಾಸ್ತರರು ಇಬ್ಬರಿಗೂ ಹನ್ನೊಂದು ಪತ್ರ ಬರೆದಿದ್ದರು. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದವರು ಹೊಳ್ಳಿ ಬರುತ್ತಿರಲಿಲ್ಲ. ಬಂದವರು ಮುಂಜಾನೆಯಿಂದ ಒಂದು ಗುಟುಕು ನೀರು ಕುಡಿಯದೆ ಕೂಡುತ್ತಿದ್ದರು. ಮಾಹೀರಾ ಹಾಗೆ ಕೂತು ಕೂತು ವರ್ಷದಲ್ಲಿ ಎರಡು ಸಲ ಉರಿಮೂತ್ರ ಹಿಡಿದು ಜ್ವರ ಬಂದು ಮಲಗಿದ್ದಳು.

ಎರಡನೆಯ ಜ್ವರ ಇಳಿದ ದಿನವೇ ಅವಳ ತಾಯಿ ಕುಲಸುಮಬಿ ತೀರ್ಪು ಕೊಟ್ಟಿದ್ದಳು. ಹಿರೇಕೆರೂರಿನಲ್ಲಿ ತನ್ನ ಅಕ್ಕ ಹಾಜರಾಬಿಯ ಮನೆಯ ಹತ್ತಿರದ ಶಾಲೆಯಲ್ಲಿ ನಳ ತಿರುವಿದರೆ ನೀರು ಬರುತ್ತದೆ, ಮಗಳು ಅಲ್ಲಿಯೇ ಇದ್ದು ಓದಲಿ, ಶನಿವಾರ ಟಿ.ಸಿ. ತೆಗೆಸಬೇಕು, ರವಿವಾರ ಅಕ್ಕ ಬಂದು ಕರೆದುಕೊಂಡು ಹೋಗುತ್ತಾಳೆ. ಶನಿವಾರದೊಳಗೆ ನೀರು ಬಂದರೆ ಬೇರೆ ಮಾತು. ಮಗಳು ಮನೆಯಲ್ಲಿಲ್ಲದ ಸಂಜೆಯನ್ನು ನೆನೆಸಿಕೊಂಡರೆ ಹುಸೇನಸಾಬನಿಗೆ ಎಲೆ ಎಣಿಸುವುದು ತಪ್ಪುತ್ತಿತ್ತು. ಅವಳಿದ್ದರೆ ಮನೆ, ಇಲ್ಲದಿದ್ದರೆ ನಾಲ್ಕು ಗೋಡೆ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಅದು ನಿಜವಾಗಿತ್ತು.

ಮಗಳು ಆರಿಸಿ ಬಂದ ಸುದ್ದಿ ಕೇಳಿದಾಗ ಅವನ ತಲೆಯಲ್ಲಿ ಫ್ಲೆಕ್ಸಿನ ಆಸೆ, ಮಗಳು ಹೋಗುವ ಚಿಂತೆ ಎರಡೂ ಕೂಡಿ ಒಂದು ಉಪಾಯವಾಯಿತು. ಶನಿವಾರ ಮುಂಜಾನೆ ಹತ್ತಕ್ಕೆ ಪ್ರಮಾಣವಚನ. ಅದಕ್ಕೊಂದು ಫ್ಲೆಕ್ಸು ಕಟ್ಟಿಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ; ಊರಿಗೆಲ್ಲ ಗೊತ್ತಾದ ಮೇಲೆ ಮಂತ್ರಿ ಅಧಿಕಾರ ಬಿಟ್ಟು ಹಿರೇಕೆರೂರಿಗೆ ಹೋಗುವುದು ಹೇಗೆ, ಕುಲಸುಮಬಿ ಕಳಿಸುವುದಾದರೂ ಹೇಗೆ. ಜೊತೆಗೆ ಶುಭ ಕೋರುವವರ ಮುಖಗಳೂ ಬರುತ್ತವೆ. ಉಪಾಯ ಅವನಿಗೆ ಎಷ್ಟು ಮೆಚ್ಚಿಕೆಯಾಯಿತೆಂದರೆ ಅವತ್ತಿನಿಂದ ಮನೆಯಲ್ಲಿ ಮಗಳನ್ನು ‘ಮಂತ್ರಿಗಳು’ ಎಂದೇ ಕರೆಯತೊಡಗಿದ. ಮಂತ್ರಿಗಳು ಚಹಾ ಕುಡಿದರೇ, ಮಂತ್ರಿಗಳ ಚಪ್ಪಲಿ ಎಲ್ಲಿ, ಹೀಗೆ.

ಕುಲಸುಮಬಿ ಫ್ಲೆಕ್ಸಿಗೆ ಅಡ್ಡ ಬರಲಿಲ್ಲ. ಒಂದೇ ಕರಾರು ಹಾಕಿದಳು.

“ಬಸ್ ಸ್ಟ್ಯಾಂಡಿನ್ಯಾಗ ನನ್ನ ಮಗಳ ಫೋಟೋ ಬ್ಯಾಡ, ಹೆಸರೂ ಬ್ಯಾಡ. ಮಂದಿ ಎಲಿ ಹಾಕ್ಕೊಂಡು ಕಂಬದ ಕಡೆನ ಉಗಳ್ತಾರ. ನಿಮ್ಮ ಮುಖ ಬೇಕಾದ್ರ ಹಾಕ್ಕೋರ್ರಿ.”

ಇದು ಹುಸೇನಸಾಬನಿಗೆ ದೊಡ್ಡ ಅಡಚಣೆ ಎನ್ನಿಸಲಿಲ್ಲ. ಅವನು ನೋಡಿದ ಫ್ಲೆಕ್ಸುಗಳಲ್ಲೆಲ್ಲ ಶುಭ ಕೋರುವವರೇ ದೊಡ್ಡವರು. ಯಾರಿಗೆ ಶುಭ ಎಂದು ಹುಡುಕಿ ಓದಿದವರನ್ನು ಅವನು ಕಂಡಿರಲಿಲ್ಲ. ಪರಮೇಶಪ್ಪನೂ ಕೂಡಿಕೊಂಡ. ಮಗಳು ಸೋತಿದ್ದರೂ ಶುಭ ಕೋರುವುದಕ್ಕೆ ಏನೂ ಅಡ್ಡಿಯಿಲ್ಲವೆಂದು ಅವನ ಅಭಿಪ್ರಾಯ. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬುಧವಾರ ಶಿಗ್ಗಾಂವಕ್ಕೆ ಹೋದರು. ಫ್ಲೆಕ್ಸು ಅಂಗಡಿಯ ವಸೀಮ ಚುರುಕು ಹುಡುಗ, ಅವನ ಕಂಪ್ಯೂಟರಿನಲ್ಲಿ ಎಲ್ಲ ನಮೂನೆಯ ಶುಭಾಶಯವೂ ಸಿದ್ಧವಾಗಿರುತ್ತಿತ್ತು. ಮಂತ್ರಿ ಎಂದ ಕೂಡಲೇ ಮಂತ್ರಿಗಳ ಸ್ವಾಗತದ ನಮೂನೆ ತೆಗೆದ. ಮಂತ್ರಿಗಳ ಫೋಟೋ ಕೊಡಿ ಎಂದ. ಮಂತ್ರಿಗಳ ಫೋಟೋ ಇಲ್ಲ ಎಂದರು. ಹೆಸರು ಎಂದ. ಹೆಸರೂ ಬೇಡ ಎಂದರು. ವಸೀಮ ಒಂದು ಗಳಿಗೆ ಇಬ್ಬರ ಮುಖ ನೋಡಿ, ಖಾಲಿಯಾದ ಜಾಗದಲ್ಲಿ ಎರಡು ಗುಲಾಬಿ ಹೂವು, ಒಂದು ಹಾರುವ ಪಾರಿವಾಳ ಇಟ್ಟ.

ಗುರುವಾರ ನಸುಕಿಗೆ ಫ್ಲೆಕ್ಸು ಕಂಬಕ್ಕೇರಿತು. ‘ಮಾನ್ಯ ಆರೋಗ್ಯ ಮಂತ್ರಿಗಳಿಗೆ ಬಸರೀಕಟ್ಟಿಯ ಸಮಸ್ತ ನಾಗರಿಕರಿಂದ ಹಾರ್ದಿಕ ಸ್ವಾಗತ. ಶನಿವಾರ ಮುಂಜಾನೆ 10 ಗಂಟೆಗೆ, ಸರಕಾರಿ ಪ್ರೌಢಶಾಲೆಯ ಆವರಣದಲ್ಲಿ.’ ಎಡಕ್ಕೆ ಹುಸೇನಸಾಬ, ವಸೀಮನ ಕಪ್ಪು ಕನ್ನಡಕ ಹಾಕಿಕೊಂಡು, ಮೊಬೈಲನ್ನು ಕಿವಿಗೆ ಹಿಡಿದು, ದೂರದ ಯಾವುದೋ ಮಹತ್ವದ ವಿಷಯವನ್ನು ನೋಡುತ್ತಿದ್ದ. ಬಲಕ್ಕೆ ಪರಮೇಶಪ್ಪ ಕೈ ಮುಗಿದಿದ್ದ. ನಡುವೆ ಪಾರಿವಾಳ. ಹುಸೇನಸಾಬ ಎಲೆಗೆ ನೀರು ಚಿಮುಕಿಸುವುದನ್ನು ಬಿಟ್ಟು ರಸ್ತೆಯ ಆಚೆ ದಂಡೆಗೆ ಹೋಗಿ ನಿಂತು ಅರ್ಧ ಗಂಟೆ ತನ್ನನ್ನು ತಾನು ನೋಡಿದ.

ಎಂಟೂವರೆಯ ಬಸ್ಸಿನಿಂದ ಇಳಿದ ಆಸ್ಪತ್ರೆಯ ನರ್ಸಬಾಯಿಯೂ ಅದನ್ನು ನೋಡಿದಳು. ಅವಳು ಓಡುತ್ತ ಹೋಗಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ತಾಲೂಕಿನ ಸಾಹೇಬರಿಗೆ ಫೋನು ಹಚ್ಚಿ, ಶನಿವಾರ ಮಂತ್ರಿಗಳ ಕಾರ್ಯಕ್ರಮ ಪಕ್ಕಾ ಅಲ್ಲವೇ ಎಂದು ಕೇಳಿದರು. ತಾಲೂಕಿನ ಸಾಹೇಬರಿಗೆ ಅಂಥ ಕಾರ್ಯಕ್ರಮವೊಂದು ಇದೆಯೆಂಬುದು ಕನಸಿನಲ್ಲೂ ಗೊತ್ತಿರಲಿಲ್ಲ. ಆದರೆ ಕೆಳಗಿನವರಿಗೆ ಗೊತ್ತಿರುವುದು ತಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಅಧಿಕಾರಿ ಆ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಪಕ್ಕಾ ಎಂದು ಸಾಹೇಬರು ಗಟ್ಟಿ ಧ್ವನಿಯಲ್ಲಿ ಹೇಳಿದರು. ಮೇಲಿನವರನ್ನು ಕೇಳಬಹುದಿತ್ತು, ಕೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದಾರು ಎಂದು ಕೇಳಲಿಲ್ಲ. ಬದಲಾಗಿ ಬಸರೀಕಟ್ಟಿ ಪಂಚಾಯತಿಯ ಪಿಡಿಓ ಮಾಲತೇಶ ಅವರಿಗೆ ಫೋನು ಮಾಡಿ, ಊರಿನಲ್ಲಿ ಒಂದು ಕಡ್ಡಿ ಆಚೀಚೆ ಇರಬಾರದು ಎಂದರು.

ಪಿಡಿಓ ಮಾಲತೇಶ ಊರಿಗೆ ಬಂದು ಮೂರೇ ತಿಂಗಳು. ಹೊಸ ನೌಕರಿ, ಹೊಸ ಮೋಟರ್‌ಸೈಕಲ್ಲು, ರಕ್ತದೊತ್ತಡ ಮಾತ್ರ ಹಳೆಯದು. ಅವರು ನೇರವಾಗಿ ಎಲೆ ಅಂಗಡಿಗೆ ಬಂದು, ಫ್ಲೆಕ್ಸನ್ನೂ ಅದರ ಕೆಳಗೆ ಕೂತವನನ್ನೂ ಎರಡು ಸಲ ಹೋಲಿಸಿ ನೋಡಿ, ಇದುವರೆಗೆ ಹುಸೇನಸಾಬನಿಗೆ ಯಾವ ಅಧಿಕಾರಿಯೂ ಮಾಡಿರದ ರೀತಿಯಲ್ಲಿ ನಮಸ್ಕಾರ ಮಾಡಿದರು.

“ಮಂತ್ರಿಗಳು ನಿಮಗ ಹೆಂಗ ಪರಿಚಯರಿ, ಹುಸೇನಸಾಬ್ರ?”

“ಪರಿಚಯ ಏನ್ ಬಂತ್ರಿ, ನಮ್ಮ ಮನ್ಯಾಗ ಬೆಳದವ್ರು,” ಎಂದ ಹುಸೇನಸಾಬ. ಮಗಳ ಪ್ರಮಾಣವಚನಕ್ಕೆ ಪಂಚಾಯತಿಯವರು ಬಂದು ವಿಚಾರಿಸಿದ್ದು ಅವನಿಗೆ ಸಂತೋಷವನ್ನು ತಂದಿತೇ ಹೊರತು ಆಶ್ಚರ್ಯವನ್ನಲ್ಲ. ಫ್ಲೆಕ್ಸಿನ ಶಕ್ತಿ ಅವನಿಗೆ ಮೊದಲಿನಿಂದ ಗೊತ್ತು.

ಊಟಕ್ಕೆ ಏನು ಮಾಡಿಸಬೇಕು ಎಂದು ಪಿಡಿಓ ಕೇಳಿದರು. ಮಂತ್ರಿಗಳು ಬದನೆಕಾಯಿ ಮುಟ್ಟುವುದಿಲ್ಲ, ಉಳಿದದ್ದೆಲ್ಲ ನಡೆಯುತ್ತದೆ ಎಂದ. ಪಿಡಿಓ ಕಿಸೆಯಿಂದ ಡೈರಿ ತೆಗೆದು ಬರೆದುಕೊಂಡರು. ಸಿಟ್ಟಿನವರೇ ಎಂದರು. ಸುಮ್ಮಸುಮ್ಮನೆ ಸಿಟ್ಟಿಗೇಳುವುದಿಲ್ಲ, ಆದರೆ ಆಡಿದ ಮಾತು ನಡೆಸದಿದ್ದರೆ ಎರಡು ದಿನ ಮಾತು ಬಿಡುತ್ತಾರೆ ಎಂದ. ಪಿಡಿಓ ಅದನ್ನೂ ಬರೆದುಕೊಂಡು ಬೆವರು ಒರೆಸಿಕೊಂಡರು. ಕಡೆಗೆ, ಬಂದವರು ಮೊದಲು ಏನು ನೋಡಬಹುದು ಎಂದು ಮೆಲ್ಲಗೆ ಕೇಳಿದರು.

“ಅದೇನ್ ಕೇಳ್ತೀರಿ. ಹುಡುಗ್ಯಾರ ಸಂಡಾಸ ನೋಡ್ತಾರ್ರಿ. ಅಲ್ಲಿ ನೀರ ಬರಲಿಲ್ಲಂದ್ರ ಉಳದದ್ದು ಏನೂ ನೋಡಂಗಿಲ್ಲ.”

ಮಾಲತೇಶ ಅವರ ಮುಖದ ಬಣ್ಣ ಹೋಯಿತು. ಮೂರು ವರ್ಷದ ಹನ್ನೊಂದು ಪತ್ರಗಳು ಪಂಚಾಯತಿಯ ಕಪಾಟಿನಲ್ಲಿ ಇದ್ದ ಸಂಗತಿ ಬೆಂಗಳೂರಿನವರೆಗೆ ಹೇಗೆ ಮುಟ್ಟಿತು ಎಂಬುದೇ ಅವರಿಗೆ ತಿಳಿಯಲಿಲ್ಲ. ಮೋಟರ್‌ಸೈಕಲ್ಲು ಎರಡು ಸಲ ಒದ್ದರೂ ಚಾಲೂ ಆಗದೆ, ಮೂರನೆಯ ಸಲಕ್ಕೆ ಹೊರಟಿತು.

ಆಮೇಲಿನ ಎರಡು ದಿನ ಬಸರೀಕಟ್ಟಿ ಕಂಡ ವೈಭವವನ್ನು ಹಿರಿಯರು ಯಾರೂ ಕಂಡಿರಲಿಲ್ಲ. ಗಟಾರಗಳ ದಂಡೆಗೆ ಬಿಳಿಪುಡಿ ಬಿತ್ತು. ಆಸ್ಪತ್ರೆಯ ಮೂರು ಹಾಸಿಗೆಗೂ ಹೊಸ ಚಾದರ ಬಂತು. ಹಾಸಿಗೆ ಮುದುಡೀತೆಂದು ಡಾಕ್ಟರು ಯಾವ ರೋಗಿಯನ್ನೂ ಮಲಗಿಸಿಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನ ನಾಯಿಗಳು ಎಲ್ಲಿಗೆ ಹೋದವೋ ಇವತ್ತಿಗೂ ಒಂದು ಹೊಳ್ಳಿ ಬಂದಿಲ್ಲ. ಗುರುವಾರ ಮಧ್ಯಾಹ್ನ ಶಾಲೆಯ ಹಿಂದೆ ಪೈಪಿನ ಗಾಡಿ ಬಂದು ನಿಂತಿತು. ನಲವತ್ತು ಅಡಿ ಅಗೆಯಲು ಎಂಟು ಜನ ಇಳಿದರು. ಸಂಜೆಗೆ ಶೌಚಾಲಯದ ತಲೆಯ ಮೇಲೆ ನೀರಿನ ಕರಿಯ ಟಾಕಿ ಕೂತಿತು.

ಹೆಡ್‌ಮಾಸ್ತರರು ಇದನ್ನೆಲ್ಲ ಕಿಟಕಿಯಿಂದ ನೋಡಿದರು. ಶನಿವಾರ ಬರುವ ಮಂತ್ರಿ ಯಾರೆಂದು ಅವರಿಗೆ ಚೆನ್ನಾಗಿ ಗೊತ್ತು, ಮತ ಎಣಿಸಿದವರೇ ಅವರು. ಹೋಗಿ ಹೇಳುವುದು ಅವರ ಧರ್ಮವಾಗಿತ್ತು. ಆದರೆ ಹನ್ನೊಂದು ಪತ್ರ ಬರೆದ ಕೈಯನ್ನು ಒಮ್ಮೆ ನೋಡಿಕೊಂಡರು. ಅದೇ ಹೊತ್ತಿಗೆ ಅವರಿಗೆ ಹಲ್ಲುನೋವು ಬಂತು. ಮಫ್ಲರಿನಿಂದ ಗದ್ದ ತಲೆ ಕೂಡಿಸಿ ಬಿಗಿದು ಕಟ್ಟಿಕೊಂಡರು. ಪಿಡಿಓ ಏನು ಕೇಳಿದರೂ ಗಲ್ಲದ ಮೇಲೆ ಕೈಯಿಟ್ಟು ಹೂಂ ಎಂದರು.

ಹುಸೇನಸಾಬನ ಪ್ರತಿಷ್ಠೆ ಶುಕ್ರವಾರ ತುತ್ತತುದಿಗೆ ಹೋಯಿತು. ಎಲೆ ಒಯ್ಯಲು ಬಂದವರಿಗಿಂತ ಅರ್ಜಿ ತಂದವರು ಹೆಚ್ಚು. ಸವಣೂರಿನ ಒಬ್ಬರು ಅಳಿಯನ ವರ್ಗಾವಣೆಗೆ ಬಂದರು, ಬಂಕಾಪುರದ ಒಬ್ಬರು ಕಣ್ಣಿನ ಆಪರೇಷನ್ನಿಗೆ ಬಂದರು. ಮಗಳಿಗೆ ಇಷ್ಟೊಂದು ಅಧಿಕಾರ ಇದೆಯೇ ಎಂದು ಹುಸೇನಸಾಬನಿಗೆ ಒಂದು ಸಲ ಅನ್ನಿಸಿತಾದರೂ, ಈಗಿನ ಶಿಕ್ಷಣ ಪದ್ಧತಿ ಬಹಳ ಬದಲಾಗಿದೆ ಎಂದು ಸಮಾಧಾನ ಮಾಡಿಕೊಂಡ. ಎಲ್ಲ ಅರ್ಜಿಗಳನ್ನೂ ತೆಗೆದುಕೊಂಡು, ಒಣಗದಂತೆ ಹಸಿ ಗೋಣಿಯ ಕೆಳಗೆ, ಎಲೆಯ ಜೊತೆಗೇ ಇಟ್ಟ. ಮಧ್ಯಾಹ್ನ ಹಿರೇಕೆರೂರಿನಿಂದ ಹಾಜರಾಬಿಯ ಫೋನು ಬಂತು. ಇಷ್ಟು ವರ್ಷ ಇವನನ್ನು ‘ಎಲಿ ಮಾರಾಂವ’ ಎನ್ನುತ್ತಿದ್ದ ಹಿರಿಯಳು ಮೊದಲ ಸಲ ಆರೋಗ್ಯ ಹೇಗಿದೆ ಎಂದು ಕೇಳಿ, ತನ್ನ ಮಗ ಬಿಲಾಲ ಔಷಧದ ಕೋರ್ಸು ಮುಗಿಸಿ ಕೂತಿದ್ದಾನೆ, ಮಂತ್ರಿಗಳ ಕಿವಿಗೆ ಒಂದು ಮಾತು ಹಾಕು ಎಂದಳು. ಮಂತ್ರಿಗಳು ಸಾಲಿ ಬಿಟ್ಟು ಬರಲಿ, ಕೈಕಾಲು ಮುಖ ತೊಳೆದುಕೊಂಡ ಮೇಲೆ ಹೇಳುತ್ತೇನೆ ಎಂದ ಹುಸೇನಸಾಬ.

ಸಂಜೆ ಮಂತ್ರಿಗಳು ಕೈಕಾಲು ತೊಳೆದುಕೊಂಡು ಚುರಮುರಿ ತಿನ್ನುತ್ತಿದ್ದಾಗ ಅವನು ಬಿಲಾಲನ ನೌಕರಿಯ ವಿಷಯ ಎತ್ತಿದ. ಮಾಹೀರಾ ಚುರಮುರಿ ಕೆಳಗಿಟ್ಟಳು. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಸಣ್ಣ ಮಕ್ಕಳಿಗೆ ಗಣಿತ ಹೇಳಿಕೊಡುವಂತೆ, ಒಂದೊಂದಾಗಿ ಹೇಳಿದಳು. ಊರು ಕಾಯುತ್ತಿರುವುದು ಬೆಂಗಳೂರಿನ ಮಂತ್ರಿಯನ್ನು. ಗುರುವಾರ ಪೈಪು ಬಂದಾಗಲೇ ತನಗೂ ಶ್ವೇತಾಗೂ ಅದು ಗೊತ್ತಾಯಿತು. ಹೆಡ್‌ಮಾಸ್ತರರ ಹಲ್ಲಿಗೆ ಏನೂ ಆಗಿಲ್ಲ.

ಪೊಲೀಸರು, ಸರಕಾರಕ್ಕೆ ಮೋಸ, ಪೇಪರಿನಲ್ಲಿ ಕಪ್ಪು ಕನ್ನಡಕದ ಅದೇ ಫೋಟೋ, ಎಲ್ಲವೂ ಒಮ್ಮೆಲೇ ಹುಸೇನಸಾಬನ ಕಣ್ಣ ಮುಂದೆ ಬಂದವು. ಈಗಲೇ ಹೋಗಿ ಪಿಡಿಓ ಸಾಹೇಬರಿಗೆ ಹೇಳಿಬರುತ್ತೇನೆ ಎಂದು ಟೊಪ್ಪಿಗೆ ಹುಡುಕಿದ. ಒಲೆಯ ಮುಂದಿದ್ದ ಕುಲಸುಮಬಿ ಒಂದೇ ಪ್ರಶ್ನೆ ಕೇಳಿದಳು, ನೀರು ಬಂದಿದೆಯೋ ಇಲ್ಲವೋ. ಪೈಪು ಹಾಕಿದ್ದಾರೆ, ಲೈನಿಗೆ ಜೋಡಿಸುವುದು ನಾಳೆ ಮುಂಜಾನೆ ಎಂದಳು ಮಾಹೀರಾ.

“ಹಂಗಾದ್ರ ಸತ್ಯಾ ನಾಳಿ ಹೇಳ್ರಿ,” ಎಂದಳು ಕುಲಸುಮಬಿ. “ಒಂದ್ ರಾತ್ರಿಗೆ ಅದೇನ್ ಹಳಸಂಗಿಲ್ಲ.”

ಆದರೆ ಹುಸೇನಸಾಬ ಸುಳ್ಳು ಹೊತ್ತು ನಿದ್ದೆ ಮಾಡುವ ಮನುಷ್ಯನಲ್ಲ. ಅವನು ಪಂಚಾಯತಿಗೆ ಹೋದ. ಮಾಲತೇಶ ಸಾಹೇಬರು ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಶಾಮಿಯಾನದವನು, ಎದುರಿಗೆ ಹೂವಿನವಳು ಸಿದ್ದವ್ವ, ಇಷ್ಟರ ನಡುವೆ ಇದ್ದರು. ಹುಸೇನಸಾಬ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟ.

“ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ನಾಳಿ ಮಂತ್ರಿಗಳು ಅಂದ್ರ ನಮ್ಮ ಮಗಳರಿ. ಮಾಹೀರಾ.”

“ಆತ್ ಬಿಡ್ರಿ, ಅದಕ್ಯಾಕ ಇಷ್ಟು ಸಂಕೋಚ,” ಎಂದರು ಪಿಡಿಓ. “ನಾಳಿ ಮಂತ್ರಿಗಳಿಗೆ ನಿಮ್ಮ ಮಗಳ ಕೈಲೇನ ಹಾರ ಹಾಕಸೂಣು. ಸಿದ್ದವ್ವಾ, ಹಾರ ಹಗರ ಇರ್ಲಿ, ಹುಡುಗಿ ಎತ್ತಬೇಕು.”

ಹುಸೇನಸಾಬ ಇನ್ನೊಮ್ಮೆ ಬಾಯಿ ತೆರೆದ. ಅಷ್ಟರಲ್ಲಿ ಶಾಮಿಯಾನದವನು ಕೆಂಪೋ ಬಿಳಿಯೋ ಎಂದು ಕೇಳಿದ. ಹುಸೇನಸಾಬ ಹೊರಗೆ ಬಂದು, ಕಟ್ಟೆಯ ಮೇಲೆ ನಿಂತು ವಿಚಾರ ಮಾಡಿದ. ಹೇಳಬೇಕಾದದ್ದನ್ನು ಹೇಳಬೇಕಾದವರಿಗೆ ಹೆಸರು ಹಿಡಿದು ಹೇಳಿದ್ದಾಯಿತು. ಇನ್ನು ತಿಳಿದುಕೊಳ್ಳುವುದು ಪಂಚಾಯತಿಯ ಕೆಲಸ. ಅವನು ಮನೆಗೆ ಹೋಗಿ ಹಾಯಾಗಿ ಮಲಗಿದ.

ಶನಿವಾರ ಒಂಬತ್ತಕ್ಕೇ ಶಾಲೆಯ ಅಂಗಳ ತುಂಬಿತು. ಬಿಳಿ ಶಾಮಿಯಾನ, ಬಿಳಿ ಬಟ್ಟೆ ಹಾಸಿದ ಮೇಜು, ನಡುವಿನ ಕುರ್ಚಿಗೆ ಹೊಸ ಟವೆಲ್ಲು, ಮೇಜಿನ ಮೇಲೆ ಮಂತ್ರಿಗಳಿಗೆಂದೇ ತಂದ ನೀರಿನ ಬಾಟಲಿ, ಗಾಜಿನ ಗ್ಲಾಸು. ಗ್ಲಾಸನ್ನು ಯಾರೂ ಮುಟ್ಟದಂತೆ ಒಬ್ಬ ಸಿಪಾಯಿಯನ್ನೇ ನಿಲ್ಲಿಸಿದ್ದರು. ತಾಲೂಕಿನ ಸಾಹೇಬರು ಸಫಾರಿ ತೊಟ್ಟು ಬಂದಿದ್ದರು. ಡಾಕ್ಟರು ಅಪರೂಪಕ್ಕೆ ಬಿಳಿ ಕೋಟು ಹಾಕಿದ್ದರು. ತಾಯಂದಿರು ಹಿಂದಿನ ಸಾಲಿನಲ್ಲಿ ಕೂತರು, ಅವರ ನಡುವೆ ಕುಲಸುಮಬಿ, ಕೈಚೀಲದಲ್ಲಿ ಟಿ.ಸಿ.ಯ ಅರ್ಜಿ. ಒಂಬತ್ತು ನಲವತ್ತಕ್ಕೆ ಲೈನು ಜೋಡಿಸಿದ ಸುದ್ದಿ ಬಂತು. ಟಾಕಿ ತುಂಬುವ ಸದ್ದು ಅಂಗಳದವರೆಗೂ ಕೇಳಿಸಿತು. ಹುಸೇನಸಾಬ ಆ ಸದ್ದನ್ನೇ ಕೇಳುತ್ತ ಗೋಡೆಗೆ ಆತು ನಿಂತ.

ಹತ್ತಾಯಿತು, ಕಾರು ಬರಲಿಲ್ಲ. ಹತ್ತೂಕಾಲಾಯಿತು. ಎಲ್ಲರೂ ರಸ್ತೆಯ ಕಡೆ ಕತ್ತು ಉದ್ದ ಮಾಡಿದರು. ಒಂದು ಎಮ್ಮೆ ಬಂತು. ತಾಲೂಕಿನ ಸಾಹೇಬರು ಕಡೆಗೆ ಧೈರ್ಯ ಮಾಡಿ ಶಾಮಿಯಾನದ ಹಿಂದೆ ಹೋಗಿ ಮೇಲಿನವರಿಗೆ ಫೋನು ಹಚ್ಚಿದರು. ಹೋದಾಗ ಕೆಂಪಗಿದ್ದ ಮುಖ ಬರುವಾಗ ಬಿಳಿಚಿಕೊಂಡಿತ್ತು. ಮಂತ್ರಿಗಳು ಬೀದರಿನಲ್ಲಿದ್ದಾರೆ, ನೀವು ಎಲ್ಲಿದ್ದೀರಿ ಎಂದು ಮೇಲಿನವರು ಕೇಳಿದ್ದರಂತೆ.

ಅದೇ ಹೊತ್ತಿಗೆ ಹೆಡ್‌ಮಾಸ್ತರರು ಮಫ್ಲರು ಬಿಚ್ಚಿ ಮಡಿಚಿ ಕಿಸೆಗಿಟ್ಟುಕೊಂಡು ಮೈಕಿನ ಮುಂದೆ ನಿಂತರು. ಎರಡು ದಿನದಿಂದ ಹೂಂ ಎನ್ನುತ್ತಿದ್ದ ಬಾಯಿಯಿಂದ ಸ್ಪಷ್ಟವಾದ ಕನ್ನಡ ಹೊರಟಿತು. ಈಗ ಶಾಲಾ ಸಂಸತ್ತಿನ ಪ್ರಮಾಣವಚನ. ಮೊದಲಿಗೆ ನಮ್ಮ ಶಾಲೆಯ ಆರೋಗ್ಯ ಮಂತ್ರಿ, ಒಂಬತ್ತನೆಯ ತರಗತಿಯ ಕುಮಾರಿ ಮಾಹೀರಾ.

ಮಾಹೀರಾ ನೀಲಿ ಸಮವಸ್ತ್ರ, ಬಿಳಿ ದುಪಟ್ಟಾದಲ್ಲಿ ಬಂದು, ಅಂಜದೆ ಅಳುಕದೆ ಪ್ರಮಾಣ ಓದಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮಕ್ಕಳನ್ನು ಬಿಟ್ಟರೆ ಅಂಗಳದಲ್ಲಿ ಯಾರ ಕೈಯೂ ಏಳಲಿಲ್ಲ. ಪಿಡಿಓ ಹಾರ ಹಿಡಿದುಕೊಂಡೇ ನಿಧಾನವಾಗಿ ಹುಸೇನಸಾಬನ ಕಡೆ ತಿರುಗಿದರು.

“ನಿನ್ನಿನ ಹೇಳೇನಲ್ರಿ, ನಮ್ಮ ಮಗಳಂತ,” ಎಂದ ಹುಸೇನಸಾಬ. ಸತ್ಯ ಮೊದಲೇ ಹೇಳಿಟ್ಟವನಿಗೆ ಅದೊಂದು ಅನುಕೂಲ.

ತಾಲೂಕಿನ ಸಾಹೇಬರು ಎದ್ದು ನಿಂತರು. ಯಾರನ್ನು ಬೈಯಬೇಕೆಂದು ಅವರಿಗೆ ಒಂದು ಗಳಿಗೆ ತಿಳಿಯಲಿಲ್ಲ. ಎಲೆ ಮಾರುವವನನ್ನು ಬೈದರೆ ಅವನ ಫ್ಲೆಕ್ಸನ್ನು ತಾವು ನಂಬಿ ಬಂದಂತೆ. ಡಾಕ್ಟರನ್ನು ಬೈದರೆ ಪಕ್ಕಾ ಎಂದವರು ತಾವೇ. ಆದ್ದರಿಂದ ಅವರ ಸಿಟ್ಟು ಬಾಯಿಲ್ಲದ ವಸ್ತುವನ್ನು ಹುಡುಕಿಕೊಂಡು ಹೋಯಿತು.

“ಆ ಪೈಪಿಗೆ ಮಂಜೂರಿ ಐತೇನ್ರಿ, ಮಾಲತೇಶ? ಎಸ್ಟಿಮೇಟ್ ಐತಿ? ಇಲ್ಲಲ್ಲ? ಇವತ್ತ ಲೈನ್ ಕಡೀರಿ. ಟಾಕಿ ಇಳಿಸ್ರಿ.”

ಹಿಂದಿನ ಸಾಲಿನಲ್ಲಿ ಕುಲಸುಮಬಿಯ ಕೈ ಚೀಲದೊಳಗೆ ಹೋದದ್ದು ಹುಸೇನಸಾಬನಿಗೆ ಕಂಡಿತು. ಅವನು ಎರಡು ಹೆಜ್ಜೆ ಮುಂದೆ ಬಂದು ಅಲ್ಲಿಯೇ ನಿಂತ. ಎಂಟು ಜನ ಅಗೆದ ನಲವತ್ತು ಅಡಿ ಅವನ ಮನೆಯ ಅಂಗಳದಿಂದ ಹಿರೇಕೆರೂರಿನವರೆಗೆ ಉದ್ದವಾದಂತೆ ಅವನಿಗೆ ಅನ್ನಿಸಿತು.

ಮಾಹೀರಾ ಮೈಕಿನ ಹತ್ತಿರದಿಂದ ಕದಲಿರಲಿಲ್ಲ. ಮೇಜಿನ ಮೇಲೆ ಮಂತ್ರಿಗಳು ಅಭಿಪ್ರಾಯ ಬರೆಯಲೆಂದು ಪಿಡಿಓ ತಂದಿಟ್ಟ ಕೆಂಪು ಬೈಂಡಿನ ಹೊಸ ಪುಸ್ತಕ ಇತ್ತು. ಅವಳು ಅದನ್ನು ತೆರೆದಳು, ಮೊದಲ ಹಾಳೆಯ ಮೇಲೆ ತಾರೀಖು ಹಾಕಿದಳು. ಅವಳ ಬಲಗಡೆ ವಿರೋಧ ಪಕ್ಷದ ನಾಯಕಿ ಶ್ವೇತಾ ಬಂದು ನಿಂತಳು. ಅವತ್ತು ಮಾತ್ರ ಅವಳು ಯಾವುದನ್ನೂ ವಿರೋಧಿಸಲಿಲ್ಲ.

“ಸರ್, ನಾ ವರದಿ ಬರೀಬೇಕ್ರಿ,” ಎಂದಳು ಮಾಹೀರಾ. ಮೈಕು ಚಾಲೂ ಇತ್ತು. “ಒಂಬತ್ತು ನಲವತ್ತಕ್ಕ ನೀರು ಬಂತು ಅಂತ ಬರದೇನಿ. ಯಾತಕ್ಕ ಬಂತು ಅಂತ ಬರೀಲಿ? ಹತ್ತೂವರಿಗೆ ಬಂದ್ ಮಾಡಿದ್ರ, ಯಾತಕ್ಕ ಮಾಡಿದ್ರು ಅಂತ ಬರೀಲಿ? ನೀವು ಹೇಳ್ರಿ, ನಾ ಬರಕೋತೇನಿ.”

ಅವಳ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಮುನ್ನೂರ ಹತ್ತು ಮಕ್ಕಳು, ಅವರ ತಾಯಂದಿರು, ಎಂಟು ಜನ ಅಗೆಯುವವರು, ಗ್ಲಾಸು ಕಾಯುವ ಸಿಪಾಯಿ, ಎಲ್ಲರೂ ಸಾಹೇಬರ ಬಾಯಿಯನ್ನೇ ನೋಡಿದರು. ಸಾಹೇಬರು ಪುಸ್ತಕ ನೋಡಿದರು, ಪೆನ್ನು ನೋಡಿದರು, ಮೈಕು ನೋಡಿದರು. ಮೂವತ್ತು ವರ್ಷ ನೌಕರಿ ಮಾಡಿದವರು, ಬರವಣಿಗೆಯ ಅಪಾಯ ಅವರಿಗೆ ಗೊತ್ತಿಲ್ಲದ್ದಲ್ಲ. ಅವರು ಮತ್ತೆ ಕೂತು, ಸಫಾರಿಯ ಗುಂಡಿ ಸಡಿಲಿಸಿ, ಮಗುವಿನಂತೆ ನಕ್ಕರು.

“ನಾವು ಬಂದದ್ದ ಮಕ್ಕಳ ಕಾರ್ಯಕ್ರಮಕ್ಕವಾ. ಮಕ್ಕಳಿಗೆ ನೀರು ಬೇಕು, ತಂದೇವಿ. ಹಂಗ ಬರಿ.”

ಡಾಕ್ಟರು ತಕ್ಷಣ ತಾವೂ ಅದಕ್ಕೇ ಬಂದದ್ದು ಎಂದರು. ಪಿಡಿಓ ತಮಗೆ ಮೊದಲಿನಿಂದಲೂ ಅದೇ ಕಾರ್ಯಕ್ರಮವೆಂದು ಗೊತ್ತಿತ್ತು ಎಂದರು. ಮಂಜೂರಿ ಸೋಮವಾರ ಬರುತ್ತದೆ ಎಂದೂ ಸೇರಿಸಿದರು. ಹಾರ ಹಗುರವಾಗಿ ಕಟ್ಟಿಸಿದ್ದು ಒಳ್ಳೆಯದೇ ಆಯಿತು. ಅದನ್ನು ಮಾಹೀರಾಳ ಕೊರಳಿಗೆ ಹಾಕುವಾಗ ಸಾಹೇಬರು ಕ್ಯಾಮೆರಾದ ಕಡೆಗೇ ನೋಡುತ್ತಿದ್ದರು. ಮಾಹೀರಾ ಸಾಹೇಬರು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಕೆಳಗೆ ಅವರ ಸಹಿ ತೆಗೆದುಕೊಂಡಳು. ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿ ಮೈಕಿನಲ್ಲಿ ಓದಿದಳು, ಪ್ರತಿ ಶನಿವಾರ ಹತ್ತು ಗಂಟೆಗೆ ಆರೋಗ್ಯ ಮಂತ್ರಿ ನಳ ತಿರುವಿ ನೋಡಿ ಈ ಪುಸ್ತಕದಲ್ಲಿ ಬರೆಯುತ್ತಾರೆ.

ಕುಲಸುಮಬಿ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಆಗಲೇ ಎದ್ದು, ಜನರ ನಡುವಿನಿಂದ ದಾರಿ ಮಾಡಿಕೊಂಡು ಶಾಲೆಯ ಹಿಂದಕ್ಕೆ ಹೋಗಿದ್ದಳು. ಕೀಲಿ ತೆಗೆದ ಬಾಗಿಲಿನೊಳಗೆ ಹೋದಳು. ಒಳಗಿನ ಚಿಲಕ ಹಾಕಿದ ಸದ್ದು ಬಂತು, ತೆಗೆದ ಸದ್ದು ಬಂತು. ನಳ ತಿರುವಿದಳು, ನಿಲ್ಲಿಸಿದಳು, ಮತ್ತೆ ತಿರುವಿದಳು. ಎರಡನೆಯ ಬಾಗಿಲಿನೊಳಗೂ ಹಾಗೆಯೇ ಮಾಡಿದಳು. ಹೊರಗೆ ನಿಂತ ಹುಸೇನಸಾಬ ಅವಳು ಏನಾದರೂ ಹೇಳಿಯಾಳೆಂದು ಕಾದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನೇರವಾಗಿ ಶಾಮಿಯಾನಕ್ಕೆ ಬಂದಳು.

ಸಿಪಾಯಿ ಅಡ್ಡ ಬರುವುದರೊಳಗೆ ಮಂತ್ರಿಗಳಿಗೆಂದು ಇಟ್ಟ ಬಾಟಲಿಯ ಮುಚ್ಚಳ ತಿರುವಿ, ಗ್ಲಾಸಿನ ಕಂಠದವರೆಗೆ ತುಂಬಿ, ಅದನ್ನು ಮಗಳ ಮುಂದೆ ಹಿಡಿದಳು.

“ಕುಡಿ,” ಎಂದಳು.

ಮಾಹೀರಾ ತಾಯಿಯ ಮುಖ ನೋಡಿದಳು. ಶಾಲೆಗೆ ಸೇರಿದ ಮೇಲೆ ಆ ಅಂಗಳದಲ್ಲಿ ಅವಳು ಒಂದು ಗುಟುಕು ನೀರು ಕುಡಿದಿರಲಿಲ್ಲ. ಹಾರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ತಾಲೂಕಿನ ಸಾಹೇಬರ ಎದುರಿಗೆ, ನಡುವೆ ಎಲ್ಲೂ ನಿಲ್ಲಿಸದೆ ತಳದವರೆಗೆ ಕುಡಿದಳು. ಆಮೇಲೆ ಖಾಲಿ ಗ್ಲಾಸನ್ನು ತಾಯಿಯ ಕಡೆ ಚಾಚಿ, ಇನ್ನೊಂದು ಹಾಕು ಎಂದಳು.